ಕಷಾಯವನ್ನು ಸೀಸೆಗಿಳಿಸಿದ ವೈದ್ಯ: ಕೋಟ್ಟಕ್ಕಲಿನ ಪಿ.ಎಸ್. ವಾರಿಯರ್

ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅದರ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಗೆ ಕುಡಿದು, ಅನಂತರ ಮೆಂತೆಯ ಗಂಜಿ ಉಣ್ಣುವುದು ಕಾಸರಗೋಡಿನಿಂದ ಉಡುಪಿಯವರೆಗಿನ ನೆಲದ ರೂಢಿ. ಅದೇ ತಿಂಗಳನ್ನು ಮಲಯಾಳಿಗಳು ಕರ್ಕಾಟಕವೆಂದು ಕರೆದು ಔಷಧದ ಗಂಜಿ ಕುಡಿಯುತ್ತಾರೆ. ಮಾತು ಬೇರೆಯಾದರೂ ಎರಡರ ಹಿಂದಿರುವ ತಿಳಿವಳಿಕೆ ಒಂದೇ. ಮಳೆಗಾಲದಲ್ಲಿ ಜಠರಾಗ್ನಿ ಕುಂದುತ್ತದೆ. ಅಗ್ನಿ ಕುಂದಿದರೆ ರೋಗಗಳೆಲ್ಲ ತಲೆಯೆತ್ತುತ್ತವೆ ಎಂಬುದು ವಾಗ್ಭಟನ ಕಾಲದಿಂದಲೂ ಆಯುರ್ವೇದ ಹೇಳಿಕೊಂಡು ಬಂದ ಮಾತು. ಹಿಂದಿನ ವೈದ್ಯನಿಗೆ ಹೊಟ್ಟೆಯೆಂದರೆ ಬರಿಯ ಒಂದು ಅವಯವವಲ್ಲ, ದೇಹದ ಅಡುಗೆಮನೆ. ಅಲ್ಲಿನ ಒಲೆ ಹದವಾಗಿ ಉರಿಯುತ್ತಿದೆಯೇ ಎಂದು ನೋಡುವುದೇ ಅವನ ಮೊದಲ ಕೆಲಸವಾಗಿತ್ತು.

ಈ ವಿದ್ಯೆಯನ್ನು ಹಳೆಯ ಗುರುಕುಲದಲ್ಲಿ ಕಲಿತು, ಹೊಸ ಕಾಲದ ಅಂಗಡಿಗೂ ಶಾಲೆಗೂ ಅಚ್ಚಿನ ಮನೆಗೂ ತಂದು ನಿಲ್ಲಿಸಿದವರು ಕೋಟ್ಟಕ್ಕಲಿನ ವೈದ್ಯರತ್ನ ಪಿ.ಎಸ್. ವಾರಿಯರ್. ಅವರ ಬಾಳಿನ ಕಾಲದಲ್ಲಿ ಕೋಟ್ಟಕ್ಕಲ್ ಇದ್ದದ್ದು ಮಲಬಾರ್ ಜಿಲ್ಲೆಯಲ್ಲಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಎರಡೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಹೀಗಾಗಿ ಅವರ ಚರಿತ್ರೆ ಚಂದ್ರಗಿರಿ ಹೊಳೆಯ ಆಚೀಚೆಯವರಿಗೆ ಪರರ ಚರಿತ್ರೆಯಲ್ಲ.

ಪನ್ನಿಯಿಂಪಳ್ಳಿ ಶಂಕುಣ್ಣಿ ವಾರಿಯರ್ ಹುಟ್ಟಿದ್ದು 1869ರ ಮಾರ್ಚ್ 16ರಂದು. ವಾರಿಯರ್ ಎಂಬುದು ದೇವಾಲಯದ ಸೇವೆಗೆ ಸಂಬಂಧಪಟ್ಟ ಒಂದು ಸಮುದಾಯ. ಹೂಮಾಲೆ ಕಟ್ಟುವುದು, ದೇವಾಲಯದ ಒಳಗಿನ ಕೆಲಸಗಳನ್ನು ನೋಡಿಕೊಳ್ಳುವುದು ಅವರ ಕುಲವೃತ್ತಿ. ದೇವಾಲಯದ ನೆರಳಿನಲ್ಲಿ ಬೆಳೆದ ಮನೆಗಳಾದ್ದರಿಂದ ಸಂಸ್ಕೃತ, ಸಂಗೀತ, ಕಥಕಳಿ ಇವು ಅಲ್ಲಿನ ಮಕ್ಕಳಿಗೆ ದೂರದ ವಸ್ತುಗಳಾಗಿರಲಿಲ್ಲ. ಶಂಕುಣ್ಣಿಯೂ ಸಂಸ್ಕೃತದ ಪಾಠವನ್ನು ಮುಗಿಸಿ, ಊರಿನಲ್ಲಿಯೇ ವೈದ್ಯದ ಮೊದಲ ಪಾಠಗಳನ್ನು ಕಲಿತು, ಹದಿಹರೆಯದಲ್ಲಿ ಕುಟ್ಟಂಚೇರಿ ವಾಸುದೇವನ್ ಮೂಸ್ ಅವರ ಬಳಿಗೆ ಶಿಷ್ಯನಾಗಿ ಹೋದರು.

ಮೂಸ್ ಅವರದು ಅಷ್ಟವೈದ್ಯರ ಮನೆತನ. ಆಯುರ್ವೇದದ ಎಂಟು ಅಂಗಗಳಲ್ಲಿಯೂ ಪರಿಣತಿಯುಳ್ಳ ಕೆಲವೇ ನಂಬೂದಿರಿ ಮನೆತನಗಳಿಗೆ ಕೇರಳದಲ್ಲಿ ಈ ಹೆಸರು ಸಲ್ಲುತ್ತಿತ್ತು. ಅವರ ಮೂಲಗ್ರಂಥ ವಾಗ್ಭಟನ ಅಷ್ಟಾಂಗಹೃದಯ. ಚರಕ, ಸುಶ್ರುತರನ್ನು ಬಲ್ಲವರಾದರೂ ಕೇರಳದ ವೈದ್ಯರು ಬಾಯಿಪಾಠ ಮಾಡಿ, ಜೀವನದುದ್ದಕ್ಕೂ ಮೆಲುಕು ಹಾಕುತ್ತಿದ್ದುದು ಆ ಪದ್ಯಗ್ರಂಥವನ್ನೇ. ಅದರೊಂದಿಗೆ ಸಹಸ್ರಯೋಗವೆಂಬ ಸಂಕಲನ ಅವರ ಕೈಹೊತ್ತಗೆಯಾಗಿತ್ತು. ಗುರುವಿನ ಮನೆಯಲ್ಲಿದ್ದ ಸುಮಾರು ನಾಲ್ಕು ವರ್ಷಗಳಲ್ಲಿ ಶಿಷ್ಯನ ಪಾಠ ಬರಿಯ ಶ್ಲೋಕಗಳದ್ದಾಗಿರಲಿಲ್ಲ. ಬೇರು ತೊಳೆಯುವುದು, ಕುಟ್ಟುವುದು, ಕುದಿಸುವುದು, ತೈಲದ ಪಾಕವನ್ನು ಬೆರಳ ನಡುವೆ ಹೊಸೆದು ನೋಡುವುದು, ರೋಗಿಯ ಬಳಿ ಗುರು ಕೇಳುವ ಪ್ರಶ್ನೆಗಳನ್ನು ಪಕ್ಕದಲ್ಲಿ ನಿಂತು ಆಲಿಸುವುದು, ಇವೆಲ್ಲ ಸೇರಿಯೇ ವೈದ್ಯವಿದ್ಯೆಯಾಗುತ್ತಿತ್ತು.

ಆ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊಟ್ಟೆಗೆ ಸಂಬಂಧಪಟ್ಟವು. ಹಸಿವು ಹೇಗಿದೆ, ಉಂಡದ್ದು ಕರಗಿದೆಯೆಂದು ಯಾವಾಗ ಅನ್ನಿಸುತ್ತದೆ, ತೇಗಿನಲ್ಲಿ ಹುಳಿಯಿದೆಯೇ, ಮಲ ನೀರಿನಲ್ಲಿ ಮುಳುಗುತ್ತದೆಯೇ ತೇಲುತ್ತದೆಯೇ ಎಂದು ವೈದ್ಯನು ಕೇಳುತ್ತಿದ್ದನು. ಅಗ್ನಿಯನ್ನು ಶಾಸ್ತ್ರ ನಾಲ್ಕು ಬಗೆಯಾಗಿ ವಿಂಗಡಿಸಿತ್ತು. ದೋಷಗಳು ಸಮವಾಗಿದ್ದಾಗ ಸಮಾಗ್ನಿ. ವಾತ ಹೆಚ್ಚಿದರೆ ಒಮ್ಮೆ ಉರಿದು ಒಮ್ಮೆ ಆರುವ ವಿಷಮಾಗ್ನಿ. ಪಿತ್ತ ಹೆಚ್ಚಿದರೆ ಎಲ್ಲವನ್ನೂ ಸುಟ್ಟುಹಾಕುವ ತೀಕ್ಷ್ಣಾಗ್ನಿ. ಕಫ ಹೆಚ್ಚಿದರೆ ಹೊಗೆಯಾಡುವ ಮಂದಾಗ್ನಿ. ಅಗ್ನಿ ಸಾಲದೆ ಅರೆಬೆಂದು ಉಳಿದ ಅನ್ನರಸವೇ ಆಮ. ಅಜೀರ್ಣ, ಅತಿಸಾರ, ಗ್ರಹಣಿ, ಗುಲ್ಮ, ಶೂಲೆ, ಮೂಲವ್ಯಾಧಿ ಎಂದು ಬೇರೆ ಬೇರೆ ಹೆಸರಿನಿಂದ ಬರುವ ಬಾಧೆಗಳ ಬೇರನ್ನು ವೈದ್ಯರು ಈ ಅಗ್ನಿಯ ಕೆಡುಕಿನಲ್ಲಿಯೇ ಹುಡುಕುತ್ತಿದ್ದರು.

ಚಿಕಿತ್ಸೆಗೂ ಒಂದು ಕ್ರಮವಿತ್ತು. ಹೊಟ್ಟೆ ಕೆಟ್ಟವನಿಗೆ ಮೊದಲು ಕೊಡುತ್ತಿದ್ದುದು ಔಷಧವಲ್ಲ, ಬಿಡುವು. ಲಂಘನ, ಎಂದರೆ ಉಪವಾಸ, ಅದರ ಹೆಸರು. ಹಸಿವು ಮರಳಿದ ಮೇಲೆ ತೆಳುವಾದ ಗಂಜಿ. ಅದು ದಕ್ಕಿದರೆ ಮಂದವಾದ ಗಂಜಿ. ಅನಂತರವೇ ಮೆತ್ತನೆಯ ಅನ್ನ. ಶುಂಠಿ, ಹಿಪ್ಪಲಿ, ಮೆಣಸು, ಜೀರಿಗೆ, ಇಂಗುಗಳು ಅಗ್ನಿಯನ್ನು ಊದುವ ದೀಪನದ್ರವ್ಯಗಳು. ಆಮವಿರುವ ಭೇದಿಯನ್ನು ಆರಂಭದಲ್ಲಿಯೇ ಕಟ್ಟಿ ನಿಲ್ಲಿಸಬಾರದು, ಕೆಟ್ಟದ್ದು ಹೊರಗೆ ಹೋಗಲಿ ಎಂಬುದು ಗಟ್ಟಿಯಾದ ನಿಯಮ. ದೋಷ ಕಳೆದ ಮೇಲೂ ಭೇದಿ ನಿಲ್ಲದಿದ್ದರೆ ಆಗ ಕೊಡಸಿಗೆಯ ತೊಗಟೆ, ದಾಳಿಂಬೆಯ ಸಿಪ್ಪೆ, ಬಿಲ್ವದ ಎಳೆಗಾಯಿಗಳ ಸರದಿ. ಗ್ರಹಣಿಯ ರೋಗಿಗೆ ಮಜ್ಜಿಗೆಯೇ ಅನ್ನ, ಮಜ್ಜಿಗೆಯೇ ಔಷಧ. ಉಣ್ಣುವಾಗ ಹೊಟ್ಟೆಯ ಅರ್ಧವನ್ನು ಅನ್ನಕ್ಕೆ, ಕಾಲುಭಾಗವನ್ನು ನೀರಿಗೆ, ಉಳಿದ ಕಾಲನ್ನು ಗಾಳಿಗೆ ಬಿಡಬೇಕೆಂಬ ಅಳತೆಯನ್ನು ಆರೋಗ್ಯವಂತನಿಗೂ ಹೇಳಲಾಗುತ್ತಿತ್ತು. ತುಳುನಾಡಿನ ಮನೆಗಳ ತಂಬುಳಿ, ಓಮದ ಕಷಾಯ, ಪುನರ್ಪುಳಿಯ ಸಾರು ಇದೇ ವಿವೇಕದ ಅಡುಗೆಮನೆಯ ರೂಪಗಳು.

ಈ ವಿದ್ಯೆಯನ್ನು ಹೊತ್ತು ಊರಿಗೆ ಮರಳಿದ ತರುಣ ವಾರಿಯರ್ ಅವರ ಕಣ್ಣಿಗೆ ಬಿದ್ದದ್ದು ಅದರ ಅವನತಿ. ಶಾಸ್ತ್ರ ಸೋತಿರಲಿಲ್ಲ, ಅದು ರೋಗಿಯನ್ನು ಮುಟ್ಟುವ ದಾರಿ ಸವೆದಿತ್ತು. ವೈದ್ಯನು ರೋಗಿಯನ್ನು ನೋಡಿ ಔಷಧಗಳ ಪಟ್ಟಿಯೊಂದನ್ನು ಬರೆದುಕೊಡುತ್ತಿದ್ದನು. ಒಣ ಸಾಮಾನುಗಳನ್ನು ಅಂಗಡಿಯಿಂದ ಕೊಂಡು, ಹಸಿಯ ಬೇರು ಸೊಪ್ಪುಗಳನ್ನು ಗುಡ್ಡ ತೋಟಗಳಲ್ಲಿ ಹುಡುಕಿ ತಂದು, ಕುಟ್ಟಿ, ಹದಿನಾರು ಪಾಲು ನೀರಿನಲ್ಲಿ ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಯುವವರೆಗೆ ಕುದಿಸುವುದು ರೋಗಿಯ ಮನೆಯವರ ಕೆಲಸ. ಕಷಾಯ ಮರುದಿನಕ್ಕೆ ಕೆಡುವುದರಿಂದ ನಾಳೆ ಮತ್ತೆ ಮೊದಲಿನಿಂದ ಆರಂಭ. ಆಳುಕಾಳುಗಳಿರುವ ದೊಡ್ಡ ಮನೆಗೆ ಇದು ಸಾಧ್ಯವಿತ್ತು. ದುಡಿದು ಉಣ್ಣುವವನಿಗೆ, ಊರು ಬಿಟ್ಟು ಕಚೇರಿಯ ಕೆಲಸಕ್ಕೆ ಹೋದವನಿಗೆ ಸಾಧ್ಯವಿರಲಿಲ್ಲ. ಒಂದು ಬೇರಿಗೆ ಬದಲು ಇನ್ನೊಂದು ಬೇರು ಬಿದ್ದರೆ ಹೇಳುವವರಿಲ್ಲ. ಕಾಯಿಲೆ ವಾಸಿಯಾಗದಿದ್ದಾಗ ಅಪವಾದ ಮಾತ್ರ ವೈದ್ಯನ ತಲೆಗೆ. ಅದೇ ಕಾಲದಲ್ಲಿ ಸರ್ಕಾರದ ಆಸ್ಪತ್ರೆಗಳಲ್ಲಿ ಅಳೆದು ಸೀಸೆಗೆ ತುಂಬಿದ ಇಂಗ್ಲಿಷ್ ಔಷಧ ಸಿದ್ಧವಾಗಿ ಕೈಗೆ ಸಿಗುತ್ತಿತ್ತು. ಜನ ಯಾವ ಕಡೆಗೆ ವಾಲುತ್ತಾರೆಂಬುದನ್ನು ಊಹಿಸುವುದು ಕಷ್ಟವಿರಲಿಲ್ಲ.

ಇಲ್ಲಿ ಅವರ ಬಾಳಿನಲ್ಲಿ ಒಂದು ತಿರುವು ಬಂದಿತು. ಕಣ್ಣಿನ ಬಾಧೆಯೊಂದರ ಚಿಕಿತ್ಸೆಗಾಗಿ ಅವರು ಮಂಜೇರಿಯ ಸರ್ಕಾರಿ ಆಸ್ಪತ್ರೆಯ ವೈದ್ಯ ವಿ. ವರ್ಗೀಸ್ ಅವರ ಬಳಿಗೆ ಹೋಗಬೇಕಾಯಿತು. ಗುಣವಾದ ಮೇಲೆ ರೋಗಿಯೇ ಶಿಷ್ಯನಾದನು. ಅವರ ಕೈಕೆಳಗೆ ಕೆಲವು ವರ್ಷ ಪಾಶ್ಚಾತ್ಯ ವೈದ್ಯದ ಪಾಠಗಳನ್ನು ಕಲಿತರು. ಅಷ್ಟವೈದ್ಯರ ಶಿಷ್ಯನೊಬ್ಬನು ಡಾಕ್ಟರರ ಬಳಿ ಕಲಿಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅತ್ತ ಸಂಪ್ರದಾಯದವರು ಇದನ್ನು ಕುಲಗೆಡುವಿಕೆಯೆಂದು ತಿಳಿಯಬಹುದಿತ್ತು. ಇತ್ತ ಹೊಸ ವಿದ್ಯೆಯವರು ಹಳೆಯದನ್ನು ಬಿಟ್ಟುಬಿಡೆಂದು ಸೆಳೆಯಬಹುದಿತ್ತು. ವಾರಿಯರ್ ಎರಡನ್ನೂ ಮಾಡಲಿಲ್ಲ. ಶರೀರದ ಒಳರಚನೆ, ಆಸ್ಪತ್ರೆಯ ಅಚ್ಚುಕಟ್ಟು, ಔಷಧವನ್ನು ಒಂದೇ ಹದದಲ್ಲಿ ಮತ್ತೆ ಮತ್ತೆ ತಯಾರಿಸುವ ಶಿಸ್ತು ಇವನ್ನು ಅಲ್ಲಿಂದ ಪಡೆದು, ಚಿಕಿತ್ಸೆಗೆ ತಮ್ಮ ಶಾಸ್ತ್ರವನ್ನೇ ನೆಚ್ಚಿದರು.

1902ರ ಅಕ್ಟೋಬರಿನಲ್ಲಿ ಕೋಟ್ಟಕ್ಕಲಿನಲ್ಲಿ ಆರ್ಯವೈದ್ಯಶಾಲೆ ತೆರೆಯಿತು. ಆಗ ಅವರಿಗೆ ಮೂವತ್ಮೂರು ವರ್ಷ. ಶಾಸ್ತ್ರದಲ್ಲಿ ಹೇಳಿದ ಔಷಧಗಳನ್ನು ಶಾಸ್ತ್ರದಂತೆಯೇ ತಯಾರಿಸಿ, ಸಿದ್ಧರೂಪದಲ್ಲಿ ಮಾರುವುದು ಅದರ ಉದ್ದೇಶ. ಚೂರ್ಣ, ಗುಳಿಗೆ, ಘೃತ, ತೈಲಗಳನ್ನು ಇಟ್ಟು ಬಳಸುವುದು ಮೊದಲೇ ಇತ್ತು. ಬೆಲ್ಲ, ಧಾತಕಿಯ ಹೂವುಗಳೊಂದಿಗೆ ಹುಳಿಗೊಳಿಸಿದ ಅರಿಷ್ಟಗಳು ವರ್ಷಗಟ್ಟಲೆ ಉಳಿಯುವಂಥವೇ. ಕಷಾಯವೊಂದೇ ಒಂದು ದಿನದ ಆಯುಷ್ಯದ್ದು. ಅದು ಕೆಡದಂತೆ ಕಾಯ್ದು ಸೀಸೆಯಲ್ಲಿ ಕೊಡುವ ಬಗೆಯನ್ನು ಕಂಡುಕೊಂಡು ರೂಢಿಗೆ ತಂದದ್ದು ಕೇರಳದ ವೈದ್ಯದಲ್ಲಿ ವಾರಿಯರ್ ಇಟ್ಟ ಬಹು ದೊಡ್ಡ ಹೆಜ್ಜೆ.

ಹೊಟ್ಟೆಯ ಬಾಧೆಗಳಿಗೆ ಕೇರಳದ ವೈದ್ಯರು ಬಳಸುತ್ತ ಬಂದ ಯೋಗಗಳನ್ನು ನೋಡಿದರೆ ಈ ಬದಲಾವಣೆಯ ಬೆಲೆ ತಿಳಿಯುತ್ತದೆ. ಅಷ್ಟಚೂರ್ಣ ಅವುಗಳಲ್ಲಿ ಸರಳವಾದದ್ದು. ಶುಂಠಿ, ಮೆಣಸು, ಹಿಪ್ಪಲಿ, ಓಮದ ಜಾತಿಯ ಅಜಮೋದ, ಸೈಂಧವ ಲವಣ, ಬಿಳಿ ಮತ್ತು ಕರಿ ಜೀರಿಗೆ, ಇಂಗು, ಹೀಗೆ ಎಂಟು ದ್ರವ್ಯಗಳು. ತುಪ್ಪದೊಂದಿಗೆ ಅನ್ನದ ಮೊದಲ ತುತ್ತಿಗೆ ಕಲಸಿ ತಿನ್ನಬೇಕು. ಇದು ವಾಗ್ಭಟನ ಗುಲ್ಮಚಿಕಿತ್ಸೆಯಿಂದ ಬಂದದ್ದು. ಇದನ್ನು ಯಾವ ಗೃಹಿಣಿಯಾದರೂ ಮನೆಯಲ್ಲಿ ಪುಡಿ ಮಾಡಿಕೊಳ್ಳಬಲ್ಲಳು. ಆದರೆ ಗುಲ್ಮ, ಶೂಲೆಗಳಿಗೆ ಹೇಳಿದ ಇಂದುಕಾಂತ ಹಾಗಲ್ಲ. ಅದಕ್ಕೆ ದೇವದಾರು ಬೇಕು, ದಶಮೂಲವೆಂಬ ಹತ್ತು ಬೇರುಗಳು ಬೇಕು, ಜೊತೆಗೆ ಇನ್ನೂ ಹಲವು ದ್ರವ್ಯಗಳು ಬೇಕು. ಅಳಲೆಕಾಯಿಯ ಅಭಯಾರಿಷ್ಟಕ್ಕೆ ವಾರಗಟ್ಟಲೆಯ ಕಾಯುವಿಕೆ ಬೇಕು. ಹೊಟ್ಟೆನೋವಿನಿಂದ ಮುದುಡಿ ಮಲಗಿದವನ ಮನೆಯಲ್ಲಿ ಇಷ್ಟೆಲ್ಲ ಆಗುವುದೆಂತು? ಅಂಚೆಯ ಕಟ್ಟಿನಲ್ಲಿ ಔಷಧ ಊರಿಗೆ ಬರುವಂತಾದಾಗ ಬಡವನ ಮನೆಗೂ ಈ ಯೋಗಗಳು ತಲುಪುವ ದಾರಿ ತೆರೆಯಿತು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಮಲಬಾರಿನಿಂದ ಕಾಸರಗೋಡಿನ ಕಡೆಗೆ ಸರಕಿನ ದಾರಿಯೂ ಸುಗಮವಾಯಿತು.

ಆದರೆ ಇದರೊಳಗೆ ಒಂದು ಗಂಭೀರವಾದ ಪ್ರಶ್ನೆಯೂ ಅಡಗಿತ್ತು. ಆಯುರ್ವೇದದ ಜೀವಾಳವೇ ರೋಗಿಯಿಂದ ರೋಗಿಗೆ ಔಷಧವನ್ನು ಬದಲಿಸುವುದು. ಒಂದೇ ಅಜೀರ್ಣಕ್ಕೆ ವಾತಪ್ರಕೃತಿಯವನಿಗೆ ಒಂದು, ಪಿತ್ತಪ್ರಕೃತಿಯವನಿಗೆ ಮತ್ತೊಂದು. ಎಲ್ಲರಿಗೂ ಒಂದೇ ಸೀಸೆಯನ್ನು ಕೊಟ್ಟರೆ ವೈದ್ಯನ ವಿವೇಚನೆಗೆ ಎಡೆಯೆಲ್ಲಿ? ವೈದ್ಯವಿದ್ಯೆ ವ್ಯಾಪಾರವಾಗದೇ? ಈ ಸಂದೇಹ ತಳ್ಳಿಹಾಕುವಂಥದ್ದಲ್ಲ. ವಾರಿಯರ್ ಕೊಟ್ಟ ಉತ್ತರ ವಾದದ ರೂಪದ್ದಲ್ಲ, ಕೆಲಸದ ರೂಪದ್ದು. ಸೀಸೆಯ ಹಿಂದೆ ತಿಳಿದ ವೈದ್ಯನಿರಬೇಕು, ಸೀಸೆಯ ಮುಂದೆ ತಿಳಿದ ರೋಗಿಯಿರಬೇಕು ಎಂಬುದು ಅವರ ಮುಂದಿನ ನಲವತ್ತು ವರ್ಷಗಳ ಉದ್ಯಮದಿಂದ ಸ್ಪಷ್ಟವಾಗುತ್ತದೆ.

ರೋಗಿಯನ್ನು ತಿಳಿದವನಾಗಿ ಮಾಡಲು ಅವರು ಆರಿಸಿಕೊಂಡದ್ದು ಅಚ್ಚಿನ ಅಕ್ಷರವನ್ನು. 1903ರಲ್ಲಿ ಧನ್ವಂತರಿ ಎಂಬ ಮಲಯಾಳ ವೈದ್ಯಪತ್ರಿಕೆಯನ್ನು ಆರಂಭಿಸಿ ಎರಡು ದಶಕಗಳಿಗೂ ಮಿಕ್ಕಿ ನಡೆಸಿದರು. 1907ರಲ್ಲಿ ಚಿಕಿತ್ಸಾಸಂಗ್ರಹ ಎಂಬ ಪುಸ್ತಕ ಹೊರಬಂದಿತು. ಶಾಲೆಯಲ್ಲಿ ದೊರೆಯುವ ಔಷಧಗಳಾವುವು, ಯಾವ ರೋಗದಲ್ಲಿ ಅವನ್ನು ಹೇಗೆ ಬಳಸಬೇಕು ಎಂಬುದನ್ನು ಅದು ತಿಳಿಸುತ್ತಿತ್ತು. ಸಂಸ್ಕೃತದ ಪದ್ಯಗಳಲ್ಲಿ, ಕೆಲವು ಮನೆಗಳ ನಾಲಗೆಯ ಮೇಲೆ ಮಾತ್ರ ಇದ್ದ ವಿದ್ಯೆಯನ್ನು ದೇಶಭಾಷೆಯ ಗದ್ಯಕ್ಕೆ ಇಳಿಸುವ ಈ ಕೆಲಸ ಕನ್ನಡದ ವಿದ್ಯಾರ್ಥಿಗೆ ಹೊಸತೆನಿಸದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಿಸಿದ್ದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಕನ್ನಡದ ಪದ್ಯಗಳಲ್ಲಿ ಹೇಳಿದ್ದನು. ಶಾಸ್ತ್ರ ಜನರ ಮಾತಿಗೆ ಬರಬೇಕೆಂಬ ಹಂಬಲ ಅವರದೂ ಆಗಿತ್ತು. ಅವರಿಗೆ ಇಲ್ಲದಿದ್ದ ಮುದ್ರಣಯಂತ್ರ ವಾರಿಯರ್ ಅವರಿಗೆ ದೊರೆಯಿತು.

ವೈದ್ಯನನ್ನು ತಿಳಿದವನಾಗಿ ಮಾಡಲು ಬೇಕಾದದ್ದು ಶಾಲೆ. 1917ರಲ್ಲಿ ಕೋಳಿಕ್ಕೋಡಿನಲ್ಲಿ ಆರ್ಯವೈದ್ಯ ಪಾಠಶಾಲೆ ಆರಂಭವಾಯಿತು; 1924ರಲ್ಲಿ ಅದು ಕೋಟ್ಟಕ್ಕಲಿಗೆ ಬಂದಿತು. ಅದೇ ವರ್ಷ ಬಡವರಿಗಾಗಿ ಧರ್ಮಾಸ್ಪತ್ರೆಯೂ ಆರಂಭವಾಯಿತು. ಆ ವರ್ಷಗಳು ದೇಶೀ ವೈದ್ಯರಿಗೆ ಪರೀಕ್ಷೆಯ ಕಾಲ. ಮದರಾಸು ಸರ್ಕಾರ 1918ರಲ್ಲಿ ಡಾಕ್ಟರ್ ಕೋಮನ್ ಅವರನ್ನು ದೇಶೀ ಔಷಧಗಳ ಪರಿಶೀಲನೆಗೆ ನೇಮಿಸಿತು. ಅವರ ವರದಿ ವೈದ್ಯರಲ್ಲಿ ಅಸಮಾಧಾನ ಹುಟ್ಟಿಸಿತು. ಅದರ ಬೆನ್ನಿಗೆ ಉಸ್ಮಾನ್ ಸಮಿತಿ ಕುಳಿತು 1923ರಲ್ಲಿ ದೇಶೀ ಪದ್ಧತಿಗಳ ಪರವಾಗಿ ವರದಿಯಿತ್ತಿತು. ಶಾಸ್ತ್ರವೆಂದು ಕರೆಸಿಕೊಳ್ಳಬೇಕಾದರೆ ಆಯುರ್ವೇದ ಶರೀರದ ರಚನೆಯನ್ನು ಕಣ್ಣಾರೆ ಕಂಡಂತೆ ಹೇಳಬೇಕೆಂಬ ಒತ್ತಾಯ ಎಲ್ಲೆಡೆಯಿತ್ತು. ಬಂಗಾಳದ ಗಣನಾಥ ಸೇನರು ಪ್ರತ್ಯಕ್ಷಶಾರೀರವನ್ನು ಬರೆದದ್ದು ಈ ಒತ್ತಾಯದಿಂದಲೇ.

1925ರಲ್ಲಿ ಪ್ರಕಟವಾದ ವಾರಿಯರ್ ಅವರ ಅಷ್ಟಾಂಗಶಾರೀರವೂ ಸಂಸ್ಕೃತದಲ್ಲಿದೆ. ಮಂಜೇರಿಯಲ್ಲಿ ಕಲಿತದ್ದು ಇಲ್ಲಿ ಫಲಕೊಟ್ಟಿತು. ಹೊಸ ಶರೀರವಿಜ್ಞಾನವನ್ನು ಹಳೆಯ ವೈದ್ಯನಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ಬರಿಯ ಅನುವಾದದ ಕೆಲಸವಲ್ಲ. ಆಮಾಶಯ, ಪಕ್ವಾಶಯ, ಅವೆರಡರ ನಡುವೆ ಅಗ್ನಿಗೆ ಆಸರೆಯಾಗಿ ನಿಂತ ಗ್ರಹಣಿ ಇವು ಶಾಸ್ತ್ರದ ಹೆಸರುಗಳು. ಶವಚ್ಛೇದದಲ್ಲಿ ಕಾಣುವ ಜಠರಕ್ಕೂ ಸಣ್ಣ ದೊಡ್ಡ ಕರುಳುಗಳಿಗೂ ಇವನ್ನು ಹೊಂದಿಸುವಾಗ, ಪದವನ್ನು ಎಳೆದರೆ ಶಾಸ್ತ್ರ ಹರಿಯುತ್ತದೆ, ಬಿಟ್ಟರೆ ವಸ್ತು ಜಾರುತ್ತದೆ. ಪಾರಿಭಾಷಿಕ ಪದಗಳ ಈ ಕಷ್ಟವನ್ನು ಕನ್ನಡದಲ್ಲಿ ವಿಜ್ಞಾನ ಬರೆದವರೆಲ್ಲರೂ ಉಂಡಿದ್ದಾರೆ.

ಔಷಧದ ಒಲೆಗಳ ನಡುವೆ ಬಾಳಿದ ಈ ಮನುಷ್ಯನಿಗೆ ರಂಗದ ಹುಚ್ಚೂ ಇತ್ತು. 1909ರಲ್ಲಿಯೇ ಪರಮಶಿವವಿಲಾಸಂ ಎಂಬ ನಾಟಕ ಕಂಪನಿಯನ್ನು ಕಟ್ಟಿ ಸಂಗೀತನಾಟಕಗಳನ್ನು ಆಡಿಸಿದರು. ನಾಟಕಗಳ ಕಾಲ ಇಳಿಯತೊಡಗಿದಾಗ ಕೈಚೆಲ್ಲದೆ ಕಥಕಳಿಯತ್ತ ತಿರುಗಿದರು, 1939ರಲ್ಲಿ ಪಿ.ಎಸ್.ವಿ. ನಾಟ್ಯಸಂಘ ರೂಪುಗೊಂಡಿತು. ಯಕ್ಷಗಾನದ ಪಾರ್ತಿಸುಬ್ಬನ ನಾಡಾದ ಕುಂಬಳೆಯ ಸೀಮೆಯವರಿಗೆ ಈ ಕಲಾಪ್ರೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಔಷಧದಿಂದ ಬಂದ ಹಣ ಕಲೆಗೂ ಹರಿಯಬೇಕೆಂಬುದು ಅವರ ಲೆಕ್ಕದ ಪುಸ್ತಕದ ಒಂದು ನಿಯಮವಾಗಿತ್ತು.

1921ರಲ್ಲಿ ಮಲಬಾರ್ ದಂಗೆಯಿಂದ ಏರನಾಡಿನ ಸೀಮೆಯೆಲ್ಲ ಹೊತ್ತಿ ಉರಿಯಿತು. ಕೋಟ್ಟಕ್ಕಲ್ ಅದರ ನಡುವೆಯೇ ಇತ್ತು. ಎಷ್ಟೋ ಮಂದಿ ಊರು ಬಿಟ್ಟರೂ ವಾರಿಯರ್ ಬಿಡಲಿಲ್ಲ. ಭಯದಿಂದ ಓಡಿಬಂದವರಿಗೆ, ಹಿಂದೂಗಳಿಗೂ ಮುಸಲ್ಮಾನರಿಗೂ, ಅವರ ಆವರಣ ಆಶ್ರಯವಾಯಿತು. ಅಲ್ಲಿಯವರೆಗೆ ಎರಡು ದಶಕ ಕಾಲ ಎರಡೂ ಸಮುದಾಯದವರ ನಾಡಿ ಹಿಡಿದು ಗಳಿಸಿದ ವಿಶ್ವಾಸವೇ ಆ ದಿನಗಳಲ್ಲಿ ಅವರ ಕೋಟೆ. ಹೊಟ್ಟೆನೋವಿಗೆ ಜಾತಿಯಿಲ್ಲವೆಂಬುದು ವೈದ್ಯನಿಗೆ ದಿನನಿತ್ಯದ ಅನುಭವ. ಅದನ್ನು ಗಂಡಾಂತರದ ದಿನದಲ್ಲಿಯೂ ಮರೆಯದಿರುವುದು ಎಲ್ಲರಿಗೂ ಆಗುವಂಥದ್ದಲ್ಲ.

1933ರಲ್ಲಿ ಬ್ರಿಟಿಷ್ ಸರ್ಕಾರ ವೈದ್ಯರತ್ನ ಎಂಬ ಬಿರುದನ್ನಿತ್ತಿತು. ಆಗ ಅರವತ್ತು ದಾಟಿದ್ದ ವಾರಿಯರ್ ಅವರ ಮುಂದಿದ್ದ ದೊಡ್ಡ ಚಿಂತೆ ಬಿರುದಿನದಲ್ಲ, ಮುಂದೇನು ಎಂಬುದು. ಒಬ್ಬ ವ್ಯಕ್ತಿ ಕಟ್ಟಿದ ಸಂಸ್ಥೆ ಅವನೊಂದಿಗೆ ಮುಗಿಯುವುದನ್ನೂ, ಬಂಧುಗಳ ಪಾಲುಪಟ್ಟಿಯಲ್ಲಿ ಹರಿದುಹೋಗುವುದನ್ನೂ ನಾಡು ಎಷ್ಟೋ ಸಲ ಕಂಡಿದೆ. ಅವರು ಮರಣಶಾಸನ ಬರೆದು, ವೈದ್ಯಶಾಲೆಯನ್ನು ಮನೆತನದ ಸೊತ್ತಾಗಿ ಉಳಿಸದೆ ಧರ್ಮದರ್ಶಿಗಳ ಕೈಗೊಪ್ಪಿಸಿದರು. ಆದಾಯವು ಸಂಸ್ಥೆಯ ಬೆಳವಣಿಗೆಗೂ ಆಸ್ಪತ್ರೆ, ಪಾಠಶಾಲೆ, ನಾಟ್ಯಸಂಘಗಳಿಗೂ ಸಲ್ಲುವಂತೆ ಕಟ್ಟುಮಾಡಿದರು. 1944ರ ಜನವರಿ 30ರಂದು ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸೋದರಳಿಯ ಪಿ.ಎಂ. ವಾರಿಯರ್, ಅನಂತರ ಅವರ ತಮ್ಮ ಪಿ.ಕೆ. ವಾರಿಯರ್ ಆ ಶಾಸನದ ಚೌಕಟ್ಟಿನೊಳಗೆ ಸಂಸ್ಥೆಯನ್ನು ಬೆಳೆಸಿದರು. ನೂರು ತುಂಬಿದ ಮೇಲೆ, 2021ರಲ್ಲಿ, ಪಿ.ಕೆ. ವಾರಿಯರ್ ನಿಧನರಾದರು.

ಸೀಸೆಗಿಳಿದ ಕಷಾಯದಿಂದ ನಾಡು ಪಡೆದದ್ದೂ ಇದೆ, ಕಳೆದುಕೊಂಡದ್ದೂ ಇದೆ. ಬೇರನ್ನು ನೋಡಿ ಗುರುತಿಸುವ ಕಣ್ಣು, ಕುದಿಯುವ ನೀರಿನ ಪರಿಮಳದಿಂದ ಹದ ತಿಳಿಯುವ ಮೂಗು ಮನೆಗಳಿಂದ ಮರೆಯಾದವು. ಔಷಧ ಸುಲಭವಾದಂತೆ ಪಥ್ಯ ಕಷ್ಟವೆನಿಸಿತು. ಲಂಘನದ ತಾಳ್ಮೆಯಿಲ್ಲದವನು ಅರಿಷ್ಟದ ಮುಚ್ಚಳ ತೆರೆಯುವುದನ್ನೇ ಚಿಕಿತ್ಸೆಯೆಂದು ತಿಳಿದನು. ಇದು ವಾರಿಯರ್ ಬಯಸಿದ್ದಲ್ಲ; ಅವರ ಪತ್ರಿಕೆಯೂ ಪಾಠಶಾಲೆಯೂ ಇದಕ್ಕೆ ಒಡ್ಡಿದ ತಡೆಗಳೇ ಆಗಿದ್ದವು. ಆದರೆ ಅವರು ಆ ಹೆಜ್ಜೆಯಿಡದಿದ್ದರೆ ಉಳಿಯುತ್ತಿದ್ದುದು ಏನು ಎಂಬುದನ್ನೂ ಯೋಚಿಸಬೇಕು. ಗುರುವಿನೊಂದಿಗೆ ಅಳಿದ ವಿದ್ಯೆಗಳ ಪಟ್ಟಿ ಈ ನೆಲದಲ್ಲಿ ಚಿಕ್ಕದಲ್ಲ. ಓಲೆಗರಿಗಳಲ್ಲಿ ಹುಳ ತಿಂದು ಹೋದ ಕನ್ನಡ ವೈದ್ಯಗ್ರಂಥಗಳೂ ಆ ಪಟ್ಟಿಯಲ್ಲಿವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ನೋವು ಹಾಗೆಯೇ ಇದ್ದರೂ ಇಲ್ಲಿನ ಕನ್ನಡದ ಮನೆಗಳ ಕಪಾಟಿನಲ್ಲಿ ಮಲಯಾಳದ ಚೀಟಿಯಂಟಿಸಿದ ಕಷಾಯದ ಸೀಸೆ ಅಪರಿಚಿತ ವಸ್ತುವಾಗಿ ಉಳಿಯಲಿಲ್ಲ. ಅದರ ಪಕ್ಕದಲ್ಲಿಯೇ ಅಜ್ಜಿಯ ಓಮದ ಡಬ್ಬಿಯೂ ಇರುತ್ತದೆ. ಆಟಿ ಬಂದಾಗ ಹಾಲೆಮರದ ತೊಗಟೆಗೆ ಮಾತ್ರ ಇಂದಿಗೂ ಬೆಳಗಿನ ಜಾವ ಎದ್ದು ಹೋಗಲೇಬೇಕು. ಮರವನ್ನು ಗುರುತು ಹಿಡಿಯಬಲ್ಲವರು ಜೊತೆಗಿರಬೇಕು.